ಹಗ್ಗ ಎಳೆದವನಿಗೆ ಏನಾಯಿತು?

ಹೋದ ತಿಂಗಳು ಅಣ್ಣನ ಮಗ ಊಟಕ್ಕೆ ಬಂದಿದ್ದ. ಇಲ್ಲೇ ಪುಣೆಯ ಹಿಂಜವಡಿಯಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ರೊಟ್ಟಿ, ಎಣ್ಣೆಗಾಯಿ ಮುಗಿಸಿ ಮಜ್ಜಿಗೆ ಕುಡಿಯುತ್ತಾ ಕೂತಾಗ ಆಫೀಸಿನ ಮಾತು ಬಂತು.

"ಕಾಕಾ, ನಮ್ಮ ಆಫೀಸ್ನಾಗ ಈಗ ಎಲ್ಲಾ ಅಜೈಲ್ ಆಗೇದ. ದಿನಾ ಮುಂಜಾನೆ ಹದಿನೈದು ನಿಮಿಷ ಎಲ್ಲಾರೂ ನಿಂತು ಮೀಟಿಂಗ್ ಮಾಡ್ತೀವಿ. ನಿನ್ನೆ ಏನ್ ಮಾಡಿದಿ, ಇವತ್ತ ಏನ್ ಮಾಡ್ತಿ, ಏನರ ಅಡಚಣಿ ಅದ ಏನು, ಮೂರ ಪ್ರಶ್ನೆ."

"ಛಲೋ ಆತಲ್ಲ. ಅಡಚಣಿ ಹೇಳಿದ್ರ ಬಗೀಹರೀತಾವೇನು?"

"ಯಾರ್ ಹೇಳ್ತಾರ ಕಾಕಾ? ಹೇಳಿದಾಂವನ ಹೆಸರಿಗೇ ಅದು ಅಂಟಿಕೋತದ. ಎಲ್ಲಾರೂ ಏನೂ ಅಡಚಣಿ ಇಲ್ಲ ಅಂತೀವಿ, ಹೋಗಿ ಕೂಡ್ತೀವಿ."

ಅವನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕಳೆದವನಿಗೆ "ಏನೂ ಅಡಚಣೆ ಇಲ್ಲ" ಎಂಬ ಮಾತು ಎಲ್ಲಿಗೆ ಕರೆದೊಯ್ಯುತ್ತದೆ ಅಂತ ಗೊತ್ತು. ಅವನು ಹೋದ ಮೇಲೆ ಈ ಅಜೈಲ್ ಎಂಬುದರ ಹಿಂದೆ ಬಿದ್ದೆ. ನಾನು ಕಂಪ್ಯೂಟರ್ ಓದಿದವನಲ್ಲ, ಬಿ.ಕಾಂ. ಮಾಡಿದವನು. ಆದರೆ ಕೆದಕುತ್ತಾ ಹೋದಂತೆ ಇದು ಕಂಪ್ಯೂಟರಿನ ಕತೆಗಿಂತ ಹೆಚ್ಚಾಗಿ ಯಜಮಾನರ ಕತೆ ಅನ್ನಿಸಿತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಚಹಾ ಇಟ್ಟುಕೊಂಡು ಓದಿ.

ಮೊದಲು ಆ ಹೆಸರಿನ ಹುಟ್ಟು. 2001ರ ಫೆಬ್ರವರಿ 11ರಿಂದ 13ರವರೆಗೆ ಅಮೆರಿಕದ ಯೂಟಾ ರಾಜ್ಯದಲ್ಲಿ, ಹಿಮದ ಬೆಟ್ಟಗಳ ನಡುವಿನ ಸ್ನೋಬರ್ಡ್ ಎಂಬಲ್ಲಿ 17 ಜನ ಸೇರಿದ್ದರು. ಕೆಂಟ್ ಬೆಕ್, ಮಾರ್ಟಿನ್ ಫೌಲರ್, ಕೆನ್ ಶ್ವಾಬರ್, ಜೆಫ್ ಸದರ್‌ಲೆಂಡ್ ಮೊದಲಾದವರು. ಹೆಚ್ಚಿನವರು ಸಾಫ್ಟ್‌ವೇರ್ ಕಟ್ಟುವವರು, ಕಟ್ಟುವುದನ್ನು ಕಲಿಸುವವರು. ಆಗ ದೊಡ್ಡ ಸಾಫ್ಟ್‌ವೇರ್ ಕೆಲಸವೆಂದರೆ ಹೀಗಿತ್ತು: ಏನು ಬೇಕು ಅಂತ ನೂರಾರು ಪುಟ ಬರೆಯುವುದು, ಸಹಿ ಹಾಕಿಸುವುದು, ಎರಡು ಮೂರು ವರ್ಷ ಕಟ್ಟುವುದು, ಕೊನೆಗೆ ತೆರೆದು ನೋಡಿದಾಗ ಬೇಕಾದದ್ದು ಬೇರೆಯೇ ಆಗಿರುವುದು. ಇದಕ್ಕೆ ಬದಲಾಗಿ ಚಿಕ್ಕ ಚಿಕ್ಕ ತುಂಡುಗಳಲ್ಲಿ ಕಟ್ಟೋಣ, ಎರಡು ಮೂರು ವಾರಕ್ಕೊಮ್ಮೆ ಬಳಸುವವರಿಗೆ ತೋರಿಸೋಣ, ತಪ್ಪಿದ್ದರೆ ಅಲ್ಲೇ ತಿದ್ದೋಣ ಎಂಬುದು ಇವರ ಅನುಭವ. ಅದನ್ನು ನಾಲ್ಕು ಮೌಲ್ಯಗಳು, ಹನ್ನೆರಡು ತತ್ವಗಳಾಗಿ ಬರೆದು ಅಜೈಲ್ ಎಂದು ಹೆಸರಿಟ್ಟರು. ಚುರುಕು, ಲವಲವಿಕೆ ಎಂಬ ಅರ್ಥ.

ಆ ಹನ್ನೆರಡರಲ್ಲಿ ಒಂದು ತತ್ವದ ಸಾರಾಂಶ ಹೀಗಿದೆ: ಉತ್ಸಾಹವುಳ್ಳ ಜನರನ್ನು ಸೇರಿಸಿ, ಅವರಿಗೆ ಬೇಕಾದ ವಾತಾವರಣ ಕೊಡಿ, ಕೆಲಸ ಮುಗಿಸುತ್ತಾರೆ ಅಂತ ನಂಬಿ. ನೋಡಿ, ಇಡೀ ಗಂಟು ಇಲ್ಲೇ ಇದೆ. ವಾತಾವರಣ ಕೊಡಬೇಕಾದವರು ಯಾರು? ನಂಬಬೇಕಾದವರು ಯಾರು? ಮೇಲೆ ಕೂತವರು. ಅವರು ನಂಬದಿದ್ದರೆ ಉಳಿದ ಹನ್ನೊಂದು ತತ್ವಗಳನ್ನು ಗೋಡೆಗೆ ಅಂಟಿಸಿ ಉಪಯೋಗವಿಲ್ಲ.

ಈ ವಿಚಾರ 2001ರಲ್ಲಿ ಆಕಾಶದಿಂದ ಬಿದ್ದದ್ದೂ ಅಲ್ಲ. ಇದರ ಒಂದು ಬೇರು ಜಪಾನಿನಲ್ಲಿದೆ. 1986ರಲ್ಲಿ ತಾಕೆಯುಚಿ ಮತ್ತು ನೊನಾಕಾ ಎಂಬ ಇಬ್ಬರು ಪ್ರಾಧ್ಯಾಪಕರು ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಹೋಂಡಾ, ಕ್ಯಾನನ್, ಫ್ಯೂಜಿ-ಜೆರಾಕ್ಸ್ ಮುಂತಾದ ಕಂಪನಿಗಳ ತಂಡಗಳ ಬಗ್ಗೆ ಬರೆದರು. ಒಬ್ಬರ ಕೈಯಿಂದ ಒಬ್ಬರಿಗೆ ಕೋಲು ದಾಟಿಸುವ ರಿಲೇ ಓಟದ ಹಾಗಲ್ಲದೆ, ರಗ್ಬಿ ಆಟದ ಹಾಗೆ ತಂಡವೆಲ್ಲ ಒಟ್ಟಿಗೆ ಚೆಂಡನ್ನು ಮುಂದೊಯ್ಯುತ್ತದೆ ಎಂದರು. ಶ್ವಾಬರ್ ಮತ್ತು ಸದರ್‌ಲೆಂಡ್ 1995ರಲ್ಲಿ ಮಂಡಿಸಿದ 'ಸ್ಕ್ರಮ್' ಪದ್ಧತಿಯ ಹೆಸರು ಬಂದದ್ದು ಅಲ್ಲಿಂದ. ನಮ್ಮ ಹುಡುಗನ ಮುಂಜಾನೆಯ ನಿಂತ ಮೀಟಿಂಗೂ ಈ ಮನೆತನದ್ದೇ.

ಇನ್ನೊಂದು ಬೇರು ಇನ್ನೂ ಹಳೆಯದು, ಒಂದು ಮಗ್ಗದ್ದು. ಸಾಕಿಚಿ ಟೊಯೋಡಾ ಎಂಬ ಜಪಾನಿ 1924ರಲ್ಲಿ ಒಂದು ಸ್ವಯಂಚಾಲಿತ ಮಗ್ಗವನ್ನು ಪೂರ್ಣಗೊಳಿಸಿದರು. ನೂಲು ಹರಿದರೆ ಆ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು. ಹರಿದ ನೂಲಿನಲ್ಲೇ ಗಜಗಟ್ಟಲೆ ಬಟ್ಟೆ ನೇಯ್ದು ಹಾಳು ಮಾಡುವ ಮಾತೇ ಇಲ್ಲ. ಇಳಕಲ್, ಗುಳೇದಗುಡ್ಡದ ಕಡೆಯವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಮುಂದೆ ಆ ಮನೆತನದವರೇ 1937ರಲ್ಲಿ ಟೊಯೋಟಾ ಕಾರು ಕಂಪನಿ ಕಟ್ಟಿದರು. ಮಗ್ಗದ ಬುದ್ಧಿ ಕಾರಿಗೂ ಬಂತು. ಅಲ್ಲಿ ತಾಯಿಚಿ ಓನೋ ಎಂಬ ಇಂಜಿನಿಯರ್ ದಶಕಗಟ್ಟಲೆ ದುಡಿದು ಒಂದು ಪದ್ಧತಿ ಬೆಳೆಸಿದರು. ಕಾರು ಜೋಡಿಸುವ ಸಾಲಿನ ಉದ್ದಕ್ಕೂ ತಲೆಯ ಮೇಲೆ ಒಂದು ಹಗ್ಗ. ಯಾವ ಕೆಲಸಗಾರನಿಗೇ ಆಗಲಿ, ಏನಾದರೂ ಸರಿಯಿಲ್ಲ ಅನ್ನಿಸಿದರೆ ಅದನ್ನು ಎಳೆಯಬಹುದು. ಎಳೆದ ಕೂಡಲೇ ದೀಪ ಹತ್ತುತ್ತದೆ, ತಂಡದ ನಾಯಕ ಓಡಿ ಬರುತ್ತಾನೆ. ಆ ಕಾರು ಮುಂದಿನ ಕಟ್ಟೆಗೆ ಹೋಗುವಷ್ಟರಲ್ಲಿ ತಾಪತ್ರಯ ಬಗೆಹರಿಯದಿದ್ದರೆ ಸಾಲು ನಿಲ್ಲುತ್ತದೆ.

ಈ ಓನೋ ಬಹಳ ಸೌಮ್ಯ ಮನುಷ್ಯ ಅಂದುಕೊಳ್ಳಬೇಡಿ. ಮಹಾ ಖಡಕ್ ಆಸಾಮಿ. ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತ ಬರೆದು, ಮ್ಯಾನೇಜರನನ್ನು ಅದರೊಳಗೆ ನಿಲ್ಲಿಸಿ, ಅಲ್ಲಿಂದಲೇ ಕೆಲಸ ನೋಡು, ಏನು ತಪ್ಪಿದೆ ಹೇಳು ಅಂತ ಗಂಟೆಗಟ್ಟಲೆ ಬಿಡುತ್ತಿದ್ದರಂತೆ. ಅವರ ಸಿಟ್ಟಿಗೆ ಜನ ಹೆದರುತ್ತಿದ್ದರು. ಆದರೆ ಆ ಸಿಟ್ಟು ತಪ್ಪನ್ನು ಮುಚ್ಚಿಟ್ಟವನ ಮೇಲೆ, ತಪ್ಪನ್ನು ನೋಡದೆ ನಡೆದುಹೋದವನ ಮೇಲೆ. ಇದನ್ನು ಗಮನದಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಜಪಾನಿನಿಂದ ಕ್ಯಾಲಿಫೋರ್ನಿಯಾಕ್ಕೆ. ಫ್ರೀಮಾಂಟ್ ಎಂಬ ಊರಿನಲ್ಲಿ ಜನರಲ್ ಮೋಟರ್ಸ್ ಕಂಪನಿಯ ಒಂದು ಕಾರ್ಖಾನೆ ಇತ್ತು. ಅದರ ಹೆಸರು ಎಷ್ಟು ಕೆಟ್ಟಿತ್ತೆಂದರೆ, ದಿನಕ್ಕೆ ನೂರಕ್ಕೆ ಇಪ್ಪತ್ತು ಜನ ಕೆಲಸಕ್ಕೇ ಬರುತ್ತಿರಲಿಲ್ಲ. ಬಂದವರಲ್ಲಿ ಕೆಲವರು ಅಲ್ಲೇ ಕುಡಿಯುತ್ತಿದ್ದರು, ಸಿಟ್ಟು ಬಂದರೆ ಬೇಕಂತಲೇ ಕಾರು ಕೆಡಿಸುತ್ತಿದ್ದರು. ಅಲ್ಲಿನ ಅಲಿಖಿತ ನಿಯಮ ಒಂದೇ: ಏನೇ ಆಗಲಿ ಸಾಲು ನಿಲ್ಲಬಾರದು. ಬಾಗಿಲು ವಕ್ರವಾಗಿ ಕೂತಿರಲಿ, ಬೋಲ್ಟ್ ಬಿಟ್ಟುಹೋಗಿರಲಿ, ಕಾರು ಮುಂದೆ ಹೋಗಬೇಕು. ಆಮೇಲೆ ಹೊರಗಿನ ಅಂಗಳದಲ್ಲಿ ಬಿಚ್ಚಿ ರಿಪೇರಿ. 1982ರಲ್ಲಿ ಕಂಪನಿ ಆ ಕಾರ್ಖಾನೆಗೆ ಬೀಗ ಹಾಕಿತು.

1984ರಲ್ಲಿ ಅದೇ ಕಟ್ಟಡದಲ್ಲಿ ಜನರಲ್ ಮೋಟರ್ಸ್ ಮತ್ತು ಟೊಯೋಟಾ ಸೇರಿ 'ನಮ್ಮಿ' ಎಂಬ ಜಂಟಿ ಕಂಪನಿ ತೆರೆದವು. ಯಜಮಾನಿಕೆ ಟೊಯೋಟಾದವರದು. ಕೆಲಸಗಾರರು ಬಹುಪಾಲು ಹಳಬರೇ, ಸಂಘವೂ ಹಳೆಯದೇ. ಅವರಲ್ಲಿ ನೂರಾರು ಜನರನ್ನು ಜಪಾನಿಗೆ ಕಳಿಸಿ, ಟೊಯೋಟಾ ಕಾರ್ಖಾನೆಯ ಸಾಲಿನಲ್ಲೇ ನಿಲ್ಲಿಸಿ ತರಬೇತಿ ಕೊಟ್ಟರು. ಹಿಂದಿರುಗಿದ ಮೇಲೆ ಇಲ್ಲಿಯೂ ತಲೆಯ ಮೇಲೆ ಹಗ್ಗ ಬಂತು. ಅದನ್ನು ಎಳೆಯುವುದು ಅವರ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಆಯಿತು. ಎಳೆದಾಗ ಓಡಿ ಬಂದ ನಾಯಕ ಬೈಯಲಿಲ್ಲ, ಏನು ತೊಂದರೆ ಅಂತ ಕೇಳಿದ. ಸಾಹೇಬರಿಗೇ ಬೇರೆ ಊಟದ ಮನೆ, ಸಾಹೇಬರಿಗೇ ಬೇರೆ ಪಾರ್ಕಿಂಗ್ ಎಂಬುದನ್ನೂ ತೆಗೆದುಹಾಕಿದರು.

ಇನ್ನೊಂದು ದೊಡ್ಡ ಮಾತು ಕಾಗದದ ಮೇಲೆಯೇ ಬಂತು. ಕೆಲಸಗಾರರನ್ನು ತೆಗೆಯುವ ಮುಂಚೆ ಮ್ಯಾನೇಜರರ ಸಂಬಳ ಕಡಿತ ಮಾಡುವುದು, ಹೊರಗೆ ಕೊಟ್ಟ ಕೆಲಸವನ್ನು ಒಳಗೆ ತರುವುದು ಎಂದು ಸಂಘದ ಜೊತೆ ಒಪ್ಪಂದವಾಯಿತು. ಆ ದಶಕದ ಕೊನೆಯಲ್ಲಿ ಕಾರುಗಳಿಗೆ ಬೇಡಿಕೆ ಕುಸಿದಾಗ ನಿಜವಾಗಿಯೂ ಯಾರನ್ನೂ ತೆಗೆಯಲಿಲ್ಲ, ಖಾಲಿ ಇದ್ದವರಿಗೆ ತರಬೇತಿ ಕೊಡುತ್ತಾ ಕೂತರು. ಹಗ್ಗ ಎಳೆದರೆ ನೌಕರಿ ಹೋಗುವುದಿಲ್ಲ ಅಂತ ಜನ ನಂಬಿದ್ದು ಆಮೇಲೆ. ಗೈರುಹಾಜರಿ ನೂರಕ್ಕೆ ಇಪ್ಪತ್ತರಿಂದ ಎರಡರ ಆಸುಪಾಸಿಗೆ ಇಳಿಯಿತು. ಜನರಲ್ ಮೋಟರ್ಸಿನ ಅತಿ ಕೆಟ್ಟ ಕಾರ್ಖಾನೆಗಳಲ್ಲಿ ಒಂದಾಗಿದ್ದದ್ದು ಸ್ವಲ್ಪ ಕಾಲದಲ್ಲೇ ಅದರ ಅತ್ಯುತ್ತಮ ಕಾರ್ಖಾನೆಯಾಯಿತು. ಅದೇ ಜನ, ಅದೇ ಸೂರು! ಆ ಬದಲಾವಣೆಯಲ್ಲಿ ಪಾಲ್ಗೊಂಡಿದ್ದ ಜಾನ್ ಶೂಕ್ ಎಂಬವರು 2010ರಲ್ಲಿ ಬರೆದ ಲೇಖನದ ತಿರುಳು ಇದು: ಮೊದಲು ಜನರ ಮನಸ್ಸು ತಿದ್ದಿ ಆಮೇಲೆ ನಡತೆ ಬದಲಿಸುತ್ತೇನೆ ಅಂತ ಹೊರಡಬೇಡಿ, ನಡೆಯುವ ದಾರಿ ಬದಲಿಸಿ, ಮನಸ್ಸು ಹಿಂದೆ ಬರುತ್ತದೆ.

ಹಾಗಾದರೆ ಇಡೀ ಜನರಲ್ ಮೋಟರ್ಸ್ ಇದನ್ನು ಕಲಿತಿರಬೇಕಲ್ಲ? ಅದೇ ದುರಂತ. ಲಾಸ್ ಏಂಜಲೀಸ್ ಬಳಿಯ ವ್ಯಾನ್ ನೈಸ್ ಕಾರ್ಖಾನೆಯಲ್ಲಿ ಇದೇ ಪದ್ಧತಿ ತರಲು ಹೊರಟರು. ತಂಡಗಳನ್ನು ಮಾಡಿದರು, ಹಗ್ಗವನ್ನೂ ಕಟ್ಟಿದರು. ಆದರೆ ಮೇಲಿನವರ ಲೆಕ್ಕ ಬದಲಾಗಿರಲಿಲ್ಲ. ದಿನಕ್ಕೆ ಎಷ್ಟು ಕಾರು ಹೊರಬಿತ್ತು ಎನ್ನುವುದರ ಮೇಲೆಯೇ ಅವರ ಬೋನಸ್ಸು. ಸಾಲು ನಿಂತರೆ ಜೇಬಿಗೆ ಕತ್ತರಿ. ಹೀಗಿರುವಾಗ ಹಗ್ಗ ಎಳೆದವನನ್ನು ಯಾವ ಮ್ಯಾನೇಜರ್ ಪ್ರೀತಿಯಿಂದ ನೋಡುತ್ತಾನೆ? ಹಗ್ಗ ಇದ್ದೂ ಇಲ್ಲದ ಹಾಗಾಯಿತು. 1992ರಲ್ಲಿ ಆ ಕಾರ್ಖಾನೆ ಮುಚ್ಚಿತು. ಇನ್ನೊಂದು ಕತೆ ಹೇಳುತ್ತಾರೆ: ದೊಡ್ಡ ಸಾಹೇಬರೊಬ್ಬರು ಕೆಳಗಿನವನಿಗೆ, ಕ್ಯಾಮೆರಾ ತಗೊಂಡು ಹೋಗಿ ನಮ್ಮಿ ಕಾರ್ಖಾನೆಯ ಅಂಗುಲ ಅಂಗುಲದ ಫೋಟೋ ತೆಗೆದುಕೊಂಡು ಬಾ, ಹಾಗೆಯೇ ಇಲ್ಲೂ ಮಾಡು ಅಂದರಂತೆ. ಹಗ್ಗದ ಫೋಟೋ ಸಿಗುತ್ತದೆ, ಎಳೆದಾಗ ಓಡಿ ಬರುವವನ ಮುಖದ ಮೇಲಿನ ಭಾವದ ಫೋಟೋ ಎಲ್ಲಿಂದ ತರುವುದು?

ಇದೆಲ್ಲ ಕಾರಿನ ಮಾತಾಯಿತು, ಅಜೈಲಿಗೆ ಏನು ಸಂಬಂಧ ಅಂತೀರಾ? ಪ್ರತಿದಿನ ನಿಂತು ಅಡಚಣೆ ಹೇಳು ಅನ್ನುವುದು, ಎರಡು ವಾರಕ್ಕೊಮ್ಮೆ ಅರ್ಧಂಬರ್ಧ ಕೆಲಸವನ್ನೂ ತೆರೆದು ತೋರಿಸು ಅನ್ನುವುದು, ಇವೆಲ್ಲ ಅದೇ ಹಗ್ಗ. ಕಚೇರಿಯಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಅದನ್ನು ಎಳೆದವರಿಗೆ ಏನಾಯಿತು ಎನ್ನುವುದಕ್ಕೆ ಎರಡು ದೊಡ್ಡ ಸರಕಾರಿ ಉದಾಹರಣೆಗಳಿವೆ.

ಒಂದು, ಅಮೆರಿಕದ ಎಫ್‌ಬಿಐ. 2001ರಲ್ಲಿ ಸೆಪ್ಟೆಂಬರ್ 11ರ ದಾಳಿ ನಡೆದಾಗ ಜಗತ್ತಿನ ಅತಿ ಪ್ರಸಿದ್ಧ ತನಿಖಾ ಸಂಸ್ಥೆಯ ಕೇಸುಗಳು ಬಹುಮಟ್ಟಿಗೆ ಕಾಗದದ ಮೇಲೆ ನಡೆಯುತ್ತಿದ್ದವು. ಇದ್ದ ಕಂಪ್ಯೂಟರ್ ವ್ಯವಸ್ಥೆ ಹಳೆಯ ಹಸಿರು ಪರದೆಯದು. ಅದಕ್ಕೆ ಬದಲಾಗಿ ವರ್ಚುವಲ್ ಕೇಸ್ ಫೈಲ್ ಎಂಬ ಯೋಜನೆ ಕೈಗೊಂಡರು. ಬೇಡಿಕೆಗಳ ಪಟ್ಟಿಯೇ 800 ಪುಟ ದಾಟಿತ್ತು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಒಬ್ಬರಾದ ಮೇಲೆ ಒಬ್ಬರು ಬದಲಾದರು. ಗುತ್ತಿಗೆದಾರರ ಕಡೆಯ ಭದ್ರತಾ ತಜ್ಞನೊಬ್ಬ ಇದು ದಾರಿ ತಪ್ಪುತ್ತಿದೆ ಅಂತ ಮೇಲಿನವರಿಗೆ ಹೇಳಿ ನೋಡಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2002ರಲ್ಲಿ ಬೇಸತ್ತು ಅಂತರ್ಜಾಲದ ಒಂದು ಚರ್ಚಾಕೂಟದಲ್ಲಿ ಬರೆದುಕೊಂಡ. ಅವನ ಮೇಲಿನವರು ಅವನ ಬಗ್ಗೆಯೇ ಎಫ್‌ಬಿಐಗೆ ದೂರು ಕೊಟ್ಟರು. ಕೊನೆಗೆ ಅವನು ಕೆಲಸ ಬಿಟ್ಟ. ಹಗ್ಗ ಎಳೆದವನಿಗೆ ಸಿಕ್ಕ ಬಹುಮಾನ ಇದು. 2005ರಲ್ಲಿ ಇಡೀ ಯೋಜನೆಯನ್ನೇ ಕೈಬಿಟ್ಟರು. ಖರ್ಚು ಸುಮಾರು 17 ಕೋಟಿ ಡಾಲರ್.

2006ರಲ್ಲಿ ಸೆಂಟಿನೆಲ್ ಎಂಬ ಹೊಸ ಹೆಸರಿನಲ್ಲಿ, ಲಾಕ್‌ಹೀಡ್ ಮಾರ್ಟಿನ್ ಕಂಪನಿಗೆ ಗುತ್ತಿಗೆ ಕೊಟ್ಟು, ನಾಲ್ಕು ಹಂತಗಳಲ್ಲಿ ಮತ್ತೆ ಶುರು. ಪದ್ಧತಿ ಹಳೆಯದೇ. 2010ರ ಹೊತ್ತಿಗೆ ಪರಿಷ್ಕೃತ ಬಜೆಟ್ಟಾದ 45.1 ಕೋಟಿ ಡಾಲರಿನಲ್ಲಿ ಸುಮಾರು 40.5 ಕೋಟಿ ಖರ್ಚಾಗಿತ್ತು, ಆಗಿದ್ದು ಎರಡೇ ಹಂತ. ಹೊರಗಿನ ತಜ್ಞರನ್ನು ಕೇಳಿದರೆ, ಇದೇ ರೀತಿ ಹೋದರೆ ಇನ್ನೂ ಆರು ವರ್ಷ, ಇನ್ನೂ ಕನಿಷ್ಠ 35.1 ಕೋಟಿ ಡಾಲರ್ ಬೇಕು ಅಂದರು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಖಾತೆ ಎನ್‌ಪಿಎ ಆಗುವ ಹಂತ.

ಆಗ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾಗಿದ್ದವರು ಚಾಡ್ ಫುಲ್‌ಘಮ್. ಅವರು ಕೆಲಸ ನಿಲ್ಲಿಸಿ ಅಂತ ಆದೇಶ ಕೊಟ್ಟರು. ಅಂದರೆ, ಎಲ್ಲಕ್ಕಿಂತ ಮೇಲಿದ್ದವರೇ ಮೊದಲು ಹಗ್ಗ ಎಳೆದರು! ಯೋಜನೆಯನ್ನು ಎಫ್‌ಬಿಐ ಒಳಗೆ ತಂದು, ಅಜೈಲ್ ಪದ್ಧತಿ ಹಿಡಿದರು. ಗುತ್ತಿಗೆಯ ನೌಕರರನ್ನು ಸುಮಾರು 220ರಿಂದ 40ಕ್ಕೆ ಇಳಿಸಿದರು. ಬೇಕಾದ ಕೆಲಸವನ್ನೆಲ್ಲ 670 ಚಿಕ್ಕ ತುಂಡುಗಳಾಗಿ ಒಡೆದರು. ಎರಡು ವಾರದ ಒಂದೊಂದು ಓಟ, ಪ್ರತಿ ಓಟದ ಕೊನೆಗೆ ಏನಾಗಿದೆ, ಏನಾಗಿಲ್ಲ ಎಂಬ ಪ್ರದರ್ಶನ. ಅಲ್ಲಿ ಕೆಲಸ ಮಾಡುವುದನ್ನು ಮಾಡಿ ತೋರಿಸಬೇಕು, ನೂರಕ್ಕೆ ತೊಂಬತ್ತು ಆಗಿದೆ ಎಂಬ ಬಾಯಿಮಾತು ನಡೆಯದು.

ಆದರೂ ಹೇಳಿದ ಸಮಯಕ್ಕೆ ಮುಗಿಯಲಿಲ್ಲ. 2011ರ ಸೆಪ್ಟೆಂಬರಿಗೆ ಮುಗಿಸುತ್ತೇವೆ ಅಂದಿದ್ದರು. ಅಕ್ಟೋಬರಿನಲ್ಲಿ ನಿಜವಾದ ಬಳಕೆದಾರರನ್ನು ಕೂರಿಸಿ ಪರೀಕ್ಷೆ ಮಾಡಿದಾಗ ವ್ಯವಸ್ಥೆ ಎರಡು ಸಲ ಕುಸಿಯಿತು. ಹಳೆಯ ಯಂತ್ರಗಳಿಗೆ ಆ ಭಾರ ತಾಳುವ ಶಕ್ತಿ ಇರಲಿಲ್ಲ. ಇಲ್ಲಿಯೇ ಯಜಮಾನನ ಪರೀಕ್ಷೆ. ಹೇಗೋ ತೇಪೆ ಹಾಕಿ ಉದ್ಘಾಟನೆ ಮಾಡಿಸಿಬಿಡಬಹುದಿತ್ತು. ಅವರು ದಿನಾಂಕ ಮುಂದೂಡಿದರು, ಹೊಸ ಯಂತ್ರ ತರಿಸಿದರು. 2012ರ ಜುಲೈ 1ರಂದು ಸೆಂಟಿನೆಲ್ ಎಲ್ಲ ಕಚೇರಿಗಳಿಗೂ ಬಂತು, 45.1 ಕೋಟಿಯ ಮಿತಿಯೊಳಗೇ. ಹುಡುಕುವ ಸೌಲಭ್ಯ ಚೆನ್ನಾಗಿಲ್ಲ ಎಂಬ ದೂರು ಆಮೇಲೂ ಇತ್ತು, ಎಲ್ಲವೂ ಸುಸೂತ್ರ ಅಂತ ನಾನೇನೂ ಹೇಳುತ್ತಿಲ್ಲ. ಆದರೆ ಹತ್ತು ವರ್ಷ ಆಗದ ಕೆಲಸ ಎರಡು ವರ್ಷದೊಳಗೆ ಆಯಿತು.

ಇದನ್ನು ಓದಿ "ನೋಡಿ, ಅಜೈಲ್ ಬಂತು, ಗೆದ್ದಿತು" ಅಂದುಬಿಡುವ ಮೊದಲು ಎರಡನೆಯ ಉದಾಹರಣೆ ನೋಡಬೇಕು. ಅದು ಬ್ರಿಟನ್ನಿನದು. 2010ರಲ್ಲಿ ಅಲ್ಲಿನ ಸರಕಾರ ನಿರುದ್ಯೋಗ ಭತ್ಯೆ, ಮನೆ ಬಾಡಿಗೆ ಸಹಾಯ ಮುಂತಾದ ಆರು ಸವಲತ್ತುಗಳನ್ನು ಸೇರಿಸಿ ಯೂನಿವರ್ಸಲ್ ಕ್ರೆಡಿಟ್ ಎಂಬ ಒಂದೇ ಸವಲತ್ತು ಮಾಡುವುದಾಗಿ ಹೇಳಿತು. ಸಚಿವರು ಇಯಾನ್ ಡಂಕನ್ ಸ್ಮಿತ್. ಇದರ ಸಾಫ್ಟ್‌ವೇರನ್ನು ಅಜೈಲ್ ಪದ್ಧತಿಯಲ್ಲೇ ಕಟ್ಟುತ್ತೇವೆ ಅಂತ ಮೊದಲೇ ಘೋಷಿಸಿದ್ದರು. ಅಂದರೆ ಎಫ್‌ಬಿಐ ಕಷ್ಟಪಟ್ಟು ಕೊನೆಗೆ ತಲುಪಿದ ಜಾಗದಿಂದ ಇವರು ಶುರು ಮಾಡಿದರು. ಗೆಲ್ಲಬೇಕಿತ್ತಲ್ಲ?

ಆಗಿದ್ದೇ ಬೇರೆ. ದಿನಾಂಕವನ್ನು ಮೊದಲೇ ಕಲ್ಲಿನ ಮೇಲೆ ಕೊರೆದಾಗಿತ್ತು: 2013ರ ಅಕ್ಟೋಬರಿನಲ್ಲಿ ದೇಶಾದ್ಯಂತ ಆರಂಭ. ದೊಡ್ಡ ದೊಡ್ಡ ಕಂಪನಿಗಳ ಜೊತೆ ಹಳೆಯ ಮಾದರಿಯ ಗುತ್ತಿಗೆಗಳು, ಅವುಗಳ ಮೇಲೆ ಅಜೈಲ್ ಎಂಬ ಬಣ್ಣ. ಕೆಲಸ ನಡೆಯದಿದ್ದಾಗ ಎರಡನ್ನೂ ಬೆರೆಸಿ ಅದಕ್ಕೆ 'ಅಜೈಲ್ 2.0' ಎಂಬ ಹೆಸರು ಬೇರೆ! 2013ರ ಆರಂಭದಲ್ಲಿ ಸರಕಾರದ್ದೇ ಇನ್ನೊಂದು ಸಂಸ್ಥೆ ಪರಿಶೀಲಿಸಿ, ಹೀಗೆ ಮುಂದುವರಿಯಬೇಡಿ ಅಂತ ತಡೆಯಿತು. ಆ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನ್ಯಾಷನಲ್ ಆಡಿಟ್ ಆಫೀಸ್, ಅಂದರೆ ನಮ್ಮ ಸಿಎಜಿ ಇದ್ದ ಹಾಗೆ, ವರದಿ ಕೊಟ್ಟಿತು. ಕಂಪ್ಯೂಟರಿಗೆ ಖರ್ಚಾದ 30.3 ಕೋಟಿ ಪೌಂಡಿನಲ್ಲಿ 3.4 ಕೋಟಿ ಪೌಂಡಿನ ಕೆಲಸವನ್ನು ಆಗಲೇ ಬಿಸಾಕಬೇಕಾಗಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಅಂಕಿಗಳಿಗಿಂತ ವರದಿಯ ಎರಡು ಮಾತುಗಳು. ಯೋಜನೆಯೊಳಗೆ 'ಕೋಟೆಯ ಮನಸ್ಥಿತಿ' ಇತ್ತು, 'ಒಳ್ಳೆಯ ಸುದ್ದಿಯ ಸಂಸ್ಕೃತಿ' ಇತ್ತು ಅಂತ ಲೆಕ್ಕಪರಿಶೋಧಕರು ಬರೆದಿದ್ದರು. ಅಂದರೆ ಬಾಗಿಲು ಹಾಕಿಕೊಂಡು ಕೂತಿದ್ದರು, ಮೇಲೆ ಹೋಗುತ್ತಿದ್ದದ್ದು ಶುಭಸಮಾಚಾರ ಮಾತ್ರ. ಆಡಿಟ್ ರಿಪೋರ್ಟುಗಳನ್ನು ಓದಿಯೇ ತಲೆ ನರೆತವನು ನಾನು. ಲೆಕ್ಕ ತಪ್ಪಿದೆ ಅಂತ ಬರೆಯುವ ಆಡಿಟರುಗಳನ್ನು ಬೇಕಾದಷ್ಟು ನೋಡಿದ್ದೇನೆ. ನಿಮ್ಮಲ್ಲಿ ಕೆಟ್ಟ ಸುದ್ದಿಗೆ ಜಾಗ ಇಲ್ಲ ಅಂತ ಬರೆದದ್ದನ್ನು ಓದಿದ್ದು ಅದೇ ಮೊದಲು.

ಆಮೇಲೆ ಏನಾಯಿತು ಎಂಬುದೂ ಮುಖ್ಯ. ಚಿಕ್ಕ ತಂಡವೊಂದನ್ನು ಕೂಡಿಸಿ ಹೊಸದಾಗಿ ಕಟ್ಟತೊಡಗಿದರು. 2014ರಲ್ಲಿ ನೀಲ್ ಕೂಲಿಂಗ್ ಎಂಬ ಅಧಿಕಾರಿ ಹೊಣೆ ಹೊತ್ತರು. ಅದಕ್ಕೆ ಮುಂಚೆ ಪದೇ ಪದೇ ಬದಲಾಗುತ್ತಿದ್ದ ಕುರ್ಚಿಯಲ್ಲಿ ಇವರು ವರ್ಷಗಟ್ಟಲೆ ಕೂತರು. ಆ ನವೆಂಬರಿನಲ್ಲಿ ಹೊಸ ವ್ಯವಸ್ಥೆಯನ್ನು ಲಂಡನ್ನಿನ ದಕ್ಷಿಣದ ಸಟನ್ ಎಂಬ ಒಂದೇ ಕಡೆ, ಕೆಲವೇ ಜನರಿಗೆ ಶುರು ಮಾಡಿದರು. ತಪ್ಪು ಕಂಡರೆ ತಿದ್ದುವುದು, ಇನ್ನೊಂದು ಕಚೇರಿಗೆ ಹೋಗುವುದು. ದೇಶದ ಎಲ್ಲ ಕಚೇರಿಗಳಿಗೆ ತಲುಪಲು 2018ರ ಡಿಸೆಂಬರ್ ಆಯಿತು. ಗಡುವು ಎಷ್ಟೋ ಸಲ ಮುಂದೆ ಹೋಯಿತು, ಬೈಗುಳವೂ ಸಿಕ್ಕಿತು. ಆದರೆ 2020ರ ಮಾರ್ಚಿನಲ್ಲಿ ಕೋವಿಡ್ ಬಂದು, ಎರಡೇ ವಾರದಲ್ಲಿ ಸುಮಾರು ಒಂಬತ್ತೂವರೆ ಲಕ್ಷ ಅರ್ಜಿಗಳು ಬಂದು ಬಿದ್ದಾಗ ಆ ವ್ಯವಸ್ಥೆ ತಡೆದುಕೊಂಡಿತು. ಆ ಸವಲತ್ತಿನ ನಿಯಮಗಳು, ಮೊದಲ ಹಣಕ್ಕೆ ಐದು ವಾರ ಕಾಯಬೇಕಾದ ಬಡವರ ಕಷ್ಟ, ಅದು ಬೇರೆಯೇ ದೊಡ್ಡ ಜಗಳ. ನಾನು ಹೇಳುತ್ತಿರುವುದು ಕಟ್ಟಿದ ಬಗೆಯನ್ನು ಮಾತ್ರ. ಒಂದೇ ಇಲಾಖೆ, ಒಂದೇ ಕೆಲಸ, ಹೆಸರಿಗೆ ಎರಡೂ ಸಲ ಅಜೈಲೇ. ಮೊದಲನೆಯ ಸಲ ದಿನಾಂಕವೇ ದೇವರು, ಎರಡನೆಯ ಸಲ ತಪ್ಪು ಹೇಳಲು ಸಮಯವಿತ್ತು, ಕೇಳುವವರಿದ್ದರು.

ಇಷ್ಟೆಲ್ಲ ಬರೆಯುವಾಗ ನನ್ನ ಮನಸ್ಸು ಸುತ್ತುತ್ತಿದ್ದದ್ದು ಮಾತ್ರ ಇಲ್ಲೇ. ನಾನು ಗುಮಾಸ್ತನಾಗಿ ಸೇರಿದ ಕಾಲಕ್ಕೆ ಶಾಖೆಯಲ್ಲಿ ಕೈಬರಹದ ದಪ್ಪ ಲೆಡ್ಜರುಗಳು, ಒಂದು ಮೂಲೆಯಲ್ಲಿ ಲೆಡ್ಜರ್ ಪೋಸ್ಟಿಂಗ್ ಯಂತ್ರ. 1984ರ ರಂಗರಾಜನ್ ಸಮಿತಿಯ ವರದಿಯಿಂದ ಬ್ಯಾಂಕುಗಳಿಗೆ ಬಂದ ಯಂತ್ರ ಅದು. ಸೇವಿಂಗ್ಸ್ ಖಾತೆಗಳ ಮೊತ್ತ ಜನರಲ್ ಲೆಡ್ಜರಿಗೆ ತಾಳೆಯಾಗಬೇಕು. ಆಗುತ್ತಿರಲಿಲ್ಲ. ಆಗ ಇದ್ದ ಮ್ಯಾನೇಜರ್ ಸಾಹೇಬರಿಗೆ ವ್ಯತ್ಯಾಸ ಎಂಬ ಶಬ್ದ ಕೇಳಿದರೆ ಮೈಮೇಲೆ ಬರುತ್ತಿತ್ತು. ತಾಳೆಯಾಗಿದೆ ಎಂಬ ಕಾಗದಕ್ಕೆ ಸಹಿ ಹಾಕಿ ಕಳಿಸುತ್ತಿದ್ದೆವು. ನಾನೂ ಹಾಕಿದ್ದೇನೆ. ವರ್ಷಗಳ ನಂತರ ಕೋರ್ ಬ್ಯಾಂಕಿಂಗಿಗೆ ಹೋಗುವಾಗ ಹೂತಿಟ್ಟದ್ದೆಲ್ಲ ಮೇಲೆದ್ದು ಬಂತು. ಆಗ ಬೇರೆಯವರು ಮ್ಯಾನೇಜರ್. ಅವರೂ ಖಡಕ್ ಮನುಷ್ಯರೇ. ಆದರೆ ದಿನಾ ಸಂಜೆ ಒಂದು ಪುಸ್ತಕ ಮುಂದಿಟ್ಟುಕೊಂಡು, "ಇವತ್ತು ಎಷ್ಟು ವ್ಯತ್ಯಾಸ ಸಿಕ್ಕಿತು?" ಅಂತ ಕೇಳುತ್ತಿದ್ದರು. ಸಿಕ್ಕಿತು ಅನ್ನುವ ಆ ಒಂದು ಶಬ್ದ! ಏನೋ ಲಾಭವಾದ ಹಾಗೆ. ಸಿಗಲಿಲ್ಲ ಅಂದವನನ್ನೇ ಅನುಮಾನದಿಂದ ನೋಡುತ್ತಿದ್ದರು. ಮೂರು ತಿಂಗಳಲ್ಲಿ ಪುಸ್ತಕ ಮುಗಿಯಿತು, ವ್ಯತ್ಯಾಸವೂ ಮುಗಿಯಿತು.

ಇಷ್ಟು ನೋಡಿದವನು ನಾನು ಮ್ಯಾನೇಜರ್ ಆದಾಗ ಪಾಠ ಕಲಿತಿರಬೇಕಲ್ಲ? ಮಾರ್ಚ್ ತಿಂಗಳ ಕೊನೆ, ವರ್ಷಾಂತ್ಯದ ಗಡಿಬಿಡಿ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಬಂದು, ಸಾಲದ ಕೆಲವು ಖಾತೆಗಳಲ್ಲಿ ಬಡ್ಡಿ ದರ ತಪ್ಪಾಗಿ ನಮೂದಾಗಿದೆ ಅಂದಳು. ನನ್ನ ಬಾಯಿಂದ ಬಂದದ್ದು, "ಇದನ್ನು ಈಗ ಹೇಳೋದಾ?" ಅಷ್ಟೇ. ಬೈಯಲಿಲ್ಲ, ಕೂಗಲಿಲ್ಲ. ತಪ್ಪನ್ನು ಸರಿಪಡಿಸಿದೆವು ಕೂಡ. ಆದರೆ ಅಲ್ಲಿದ್ದ ಏಳೆಂಟು ಜನ ಅದನ್ನು ಕೇಳಿಸಿಕೊಂಡಿದ್ದರು. ಆ ಶಾಖೆಯಲ್ಲಿ ನಾನು ಇನ್ನೂ ಎರಡು ವರ್ಷ ಇದ್ದೆ. ಯಾರೂ ನನ್ನ ಹತ್ತಿರ ತಾವಾಗಿ ಬಂದು ಒಂದು ತಪ್ಪು ಹೇಳಿದ ನೆನಪಿಲ್ಲ. ಆಗ, ನನ್ನ ಶಾಖೆ ಬಹಳ ಚೆನ್ನಾಗಿ ನಡೆಯುತ್ತಿದೆ ಅಂದುಕೊಂಡಿದ್ದೆ.

ಹಾಗಾಗಿ ಫ್ರೀಮಾಂಟಿನ, ವಾಷಿಂಗ್ಟನ್ನಿನ, ಲಂಡನ್ನಿನ ಯಜಮಾನರನ್ನು ತೂಗುವ ಯೋಗ್ಯತೆ ನನಗೆ ಎಷ್ಟಿದೆಯೋ ಗೊತ್ತಿಲ್ಲ. ಒಂದು ಮಾತ್ರ ತಿಳಿಯಿತು. ಯಜಮಾನ ಮೃದುವೋ ಕಠಿಣನೋ ಎಂಬುದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಓನೋ ಕಠಿಣರು, ನನ್ನ ಎರಡನೆಯ ಮ್ಯಾನೇಜರ್ ಕಠಿಣರು, ಮೃದುವಾಗಿ ಮಾತಾಡಿದ ನಾನೇ ಹಗ್ಗ ಕತ್ತರಿಸಿದವನು. ಕೆಟ್ಟ ಸುದ್ದಿ ತಂದವನ ಮುಂದೆ ಆ ಮೊದಲ ಕ್ಷಣದಲ್ಲಿ ಯಜಮಾನನ ಮುಖ ಹೇಗಾಗುತ್ತದೆ ಎಂಬುದನ್ನು ಉಳಿದವರೆಲ್ಲ ನೋಡುತ್ತಿರುತ್ತಾರೆ. ಹೊಸ ಪದ್ಧತಿ ಬೇರೂರುವುದೋ ಒಣಗುವುದೋ ಆ ಕ್ಷಣದಲ್ಲೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ಫ್ರೀಮಾಂಟಿನ ಆ ಕಾರ್ಖಾನೆಯನ್ನು ಕೊನೆಗೆ 2010ರಲ್ಲಿ ಮುಚ್ಚಿದರು. ಜನರಲ್ ಮೋಟರ್ಸ್ ದಿವಾಳಿಯಾಗಿ ಪಾಲುದಾರಿಕೆಯಿಂದ ಹೊರಬಂದಿತ್ತು, ಟೊಯೋಟಾವೂ ಕೈಬಿಟ್ಟಿತು. ಅದೇ ವರ್ಷ ಟೆಸ್ಲಾ ಕಂಪನಿ ಆ ಜಾಗ ಕೊಂಡಿತು. ಸೂರು ಇನ್ನೂ ಇದೆ.

ಮೊನ್ನೆ ಅಣ್ಣನ ಮಗನಿಗೆ ಫೋನ್ ಮಾಡಿ ಈ ಕತೆಯೆಲ್ಲ ಹೇಳಿದೆ. ಪೂರಾ ಕೇಳಿ ಅವನು ಅಂದ:

"ಅಲ್ಲ ಕಾಕಾ, ಇದನ್ನ ನಮ್ಮ ಮ್ಯಾನೇಜರಗ ಹೇಳಬೇಕು ನೀವು."

"ನಿನ್ನ ಕೈಕೆಳಗೂ ಮೂರು ಮಂದಿ ಹುಡುಗರು ಅದಾರಲ್ಲ. ಅವರು ನಿನಗ ಅಡಚಣಿ ಹೇಳ್ತಾರೇನು?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ನೋಡಬೇಕು ಕಾಕಾ" ಅಂದ.

ನಿಮ್ಮ ನಿಮ್ಮ ಆಫೀಸುಗಳಲ್ಲಿ ಹೇಗಿದೆ? ಹಗ್ಗ ಇದೆಯೇ? ಎಳೆದವರಿಗೆ ಏನಾಯಿತು? ಪುರುಸೊತ್ತಾದಾಗ ಬರೆಯಿರಿ.